ಬಾಗಿಲಿಗೆ ಒತ್ತು ಕೊಟ್ಟಿದ್ದ ಯಂತ್ರ

ಹೊಳೆ ಎರಡು ಸಲ ತಿರುಗಿ ಹರಿಯುವ ಒಂದು ಕಾಡಿನಲ್ಲಿ ಕದಿರಜ್ಜಿ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೊಂದು ಅಭ್ಯಾಸ. ಯಾವುದೇ ವಸ್ತುವನ್ನು ಮನೆಗೆ ತರುವ ಮೊದಲು, ಮನೆಯಿಂದ ಕೊಡುವ ಮೊದಲು, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು. ಒಂದರಿಂದ ನೂರರವರೆಗೆ ಎಣಿಸುತ್ತಿದ್ದಳು. ಆಮೇಲೇ ಹೂಂ, ಇಲ್ಲವೇ ಊಹೂಂ.

ಕುಂಬಳಕಾಯಿಗೂ ನೂರು. ಪೊರಕೆಗೂ ನೂರು. ಪಕ್ಕದ ಮನೆಯ ಮೊಲ ತುಂಬೆ ತನ್ನ ಮರಿಯನ್ನು ಮೊದಲ ಸಲ ಅಜ್ಜಿಯ ಕೈಗೆ ಕೊಟ್ಟಾಗಲೂ ಅಜ್ಜಿ ಕಣ್ಣು ಮುಚ್ಚಿ, "ಒಂದು, ಎರಡು" ಅಂತ ಶುರು ಮಾಡಿಬಿಟ್ಟಿದ್ದಳು.

"ಅಜ್ಜೀ, ನೋಡೋಕೆ ಕೊಟ್ಟಿದ್ದು, ಮಾರೋಕಲ್ಲ!" ಎಂದು ತುಂಬೆ ನಗುತ್ತಾ ಮರಿಯನ್ನು ವಾಪಸ್ ತೆಗೆದುಕೊಂಡಿದ್ದಳು.

ಆ ಕಾಡಿನಲ್ಲಿ ಎಲ್ಲರ ಮನೆಗೂ ಒಂದೊಂದು ಕೈತೋಟ ಇತ್ತು. ಒಂದು ಕಟ್ಟಳೆಯೂ ಇತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಕರಡದ ಹುಲ್ಲು ಒಣಗಿ ಎತ್ತರಕ್ಕೆ ನಿಲ್ಲುತ್ತಿತ್ತು. ಎಲ್ಲೋ ಒಂದು ಕಿಡಿ ಬಿದ್ದರೂ ಕಾಡಿಗೆ ಕಾಡೇ ಉರಿದುಹೋಗುವ ಭಯ. ಅದಕ್ಕಾಗಿ ಮುತ್ತುಗದ ಮೊದಲ ಹೂ ಅರಳುವುದರೊಳಗೆ ಪ್ರತಿಯೊಬ್ಬರೂ ಮನೆಯ ಸುತ್ತ ಒಣಹುಲ್ಲು ಕತ್ತರಿಸಿ ಬೆಂಕಿಗೆರೆ ಬಿಡಬೇಕಿತ್ತು.

ಹೂ ಅರಳಿದ ದಿನ ಕಾಡಿನ ಹಿರಿಯರಾದ ಕಾಡುಕೋಣ ಕಾಟಿ ಗೌಡರು ಮನೆಮನೆಗೂ ಸುತ್ತು ಬರುತ್ತಿದ್ದರು. ಅವರ ಅಳತೆಗೋಲು ಅವರೇ. ಮನೆಯ ಗೋಡೆಗೆ ಬಾಲ ತಾಗಿಸಿ ನಿಲ್ಲುತ್ತಿದ್ದರು. ಹಾಗೇ ಮನೆಯ ಸುತ್ತ ಒಂದು ಸುತ್ತು ತಿರುಗುತ್ತಿದ್ದರು. ಎಲ್ಲಿಯೂ ಅವರ ಮೂಗಿನ ತುದಿಗೆ ಒಂದು ಒಣಕಡ್ಡಿಯೂ ತಾಗಬಾರದು. ತಾಗಿದರೆ ಆ ಮನೆಯವರು ಬೇಸಿಗೆ ಕಳೆಯುವ ತನಕ ಹೊಳೆಯಾಚೆಯ ಬೋಳುಬಂಡೆಯ ಮೇಲೆ ಹೋಗಿ ಇರಬೇಕು.

"ಗೌಡ್ರೇ, ನಾನು ಇಷ್ಟೇ ಇಷ್ಟು ಇದ್ದೀನಿ. ನನಗೂ ಕರಡಿಗೂ ಒಂದೇ ಅಳತೆನಾ?" ಎಂದು ತುಂಬೆ ಒಮ್ಮೆ ಕೇಳಿದ್ದಳು.

"ಬೆಂಕಿ ನಿನ್ನ ಅಳತೆ ನೋಡಿ ಬರಲ್ಲ ಕಣಮ್ಮ" ಎಂದಿದ್ದರು ಗೌಡರು.

ಹೋದ ವರ್ಷದವರೆಗೆ ತುಂಬೆ ತನ್ನ ಹಲ್ಲಿನಲ್ಲೇ ಕಟಕಟ ಕಡಿದು ಬೆಂಕಿಗೆರೆ ಮಾಡುತ್ತಿದ್ದಳು. ಹದಿನೈದು ದಿನ ಹಿಡಿಯುತ್ತಿತ್ತು. ಈ ವರ್ಷ ಮನೆಯಲ್ಲಿ ಮೂರು ಮರಿಗಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಹುಲ್ಲು ಕಡಿಯಲು ಬಾಯಿ ಹಾಕುವಷ್ಟರಲ್ಲಿ ಮೂರನೆಯದು ಅಳುತ್ತಿತ್ತು. ಬೋಳುಬಂಡೆಯ ಮೇಲೆ ಒಂದು ಪೊದೆಯೂ ಇರಲಿಲ್ಲ. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಬೇರೆಯವರಿಗೆ ಬಂಡೆ ಎಂದರೆ ಬರೀ ಬಿಸಿಲು. ಮೂರು ಮರಿಗಳ ತಾಯಿಗೆ ಬಂಡೆ ಎಂದರೆ ಹದ್ದು.

ಅದೇ ಸಮಯಕ್ಕೆ ಪುನುಗಪ್ಪ ಅಂಗಡಿ ತೆರೆದ.

ಪುನುಗಪ್ಪ ಪುನುಗುಬೆಕ್ಕು. ಅವನು ನಡೆದುಹೋದರೆ ಹಿಂದೆ ಒಂದು ಫರ್ಲಾಂಗು ಘಮಘಮ. ಆ ಪರಿಮಳದಲ್ಲಿ ನಿಂತವರಿಗೆ "ಬೇಡ" ಅನ್ನಲು ಬಾಯಿಯೇ ಬರುತ್ತಿರಲಿಲ್ಲ. ದೊಡ್ಡ ಅತ್ತಿಮರದ ಬುಡದಲ್ಲಿ ಹಳೆಯ ಮರದ ಬಾಗಿಲೊಂದನ್ನು ನಿಲ್ಲಿಸಿ, ಅದನ್ನೇ ಅಂಗಡಿ ಎಂದು ಕರೆದಿದ್ದ. ಒಳಗೆ ತರತರದ ಕೈತೋಟದ ಯಂತ್ರಗಳು. ಎಲ್ಲವೂ ಬ್ಯಾಟರಿಯವು. ಹುಲ್ಲು ಕತ್ತರಿಸುವುದು, ಬೇಲಿ ಸವರುವುದು, ಎಲೆ ಊದುವುದು. ಎಲ್ಲಿಂದ ತಂದ ಎಂದು ಯಾರೂ ಕೇಳಲಿಲ್ಲ. ಅಷ್ಟು ಪರಿಮಳ ಬರುತ್ತಿದ್ದರೆ ಯಾರು ಕೇಳುತ್ತಾರೆ?

"ಬನ್ನಿ ಬನ್ನಿ! ತಂತಿ ಬೇಡ, ಎಣ್ಣೆ ಬೇಡ, ಹೊಗೆ ಇಲ್ಲ! ಗುಂಡಿ ಒತ್ತಿ, ಹುಲ್ಲು ಕತ್ತರಿಸಿ! ಹಲ್ಲಲ್ಲಿ ಕಡಿಯೋ ಕಾಲ ಹೋಯ್ತು ಸ್ವಾಮೀ!"

ಎಲ್ಲರೂ ಬಂದರು. ಪುನುಗಪ್ಪ ದೊಡ್ಡದೊಂದು ಯಂತ್ರ ಎತ್ತಿ ಗುಂಡಿ ಒತ್ತಿದ. ಗರ್ರ್ರ್ರ್ ಎಂದು ಸದ್ದಾಯಿತು. ಮರದ ಮೇಲಿನ ಹಕ್ಕಿಗಳು ಹಾರಿಹೋದವು. ಅಂಗಡಿಯ ಮುಂದೆ ದಿನಾ ನೀರು ಹಾಕಿ ಬೆಳೆಸಿದ್ದ ಎಳೇ ಗರಿಕೆಯ ಮೇಲೆ ಯಂತ್ರವನ್ನು ಆಡಿಸಿದ. ಗರಿಕೆ ಕ್ಷಣದಲ್ಲಿ ಮಾಯ.

ಆ ಕಾಡಿನವರಿಗೆ ಒಂದು ನಂಬಿಕೆ. ಯಾರ ಸದ್ದು ದೊಡ್ಡದೋ ಅವರೇ ಬಲಶಾಲಿ. ಹುಲಿಯಿಂದ ಹಿಡಿದು ಜೀರುಂಡೆಯವರೆಗೆ ಅವರು ಎಲ್ಲರನ್ನೂ ಹೀಗೇ ತೂಗುತ್ತಿದ್ದರು. ಹಾಗಾಗಿ ಯಂತ್ರವನ್ನೂ ಕಿವಿಯಲ್ಲೇ ಆರಿಸಿದರು.

"ಇದಕ್ಕಿಂತ ಜೋರು ಸದ್ದಿಂದು ಇದೆಯಾ?" ಎಂದು ಕರಡಿಯಣ್ಣ ಕೇಳಿದ.

"ನಿಮ್ಮ ದನಿಗೆ ಸರಿಸಮ ಆಗೋದು ಇದೊಂದೇ" ಎಂದು ಪುನುಗಪ್ಪ ಕೆಂಪು ಬಣ್ಣದ, ಬೇಲಿ ಸವರುವ ಯಂತ್ರ ತೋರಿಸಿದ. ಕರಡಿಯಣ್ಣನ ಮನೆಗೆ ಬೇಲಿಯೇ ಇರಲಿಲ್ಲ. ಆದರೂ ಕೊಂಡ. ಬೇಲಿ ಆಮೇಲೆ ಹಾಕಿಸಿದರಾಯಿತು ಎಂದುಕೊಂಡ.

ನವಿಲಪ್ಪನಿಗೆ ನೀಲಿ ಬಣ್ಣದ, ಎಲೆ ಊದುವ ಯಂತ್ರ ಇಷ್ಟವಾಯಿತು. ಅದರ ಗಾಳಿಗೆ ನಿಂತರೆ ಗರಿ ತಾನೇ ಬಿಚ್ಚಿಕೊಳ್ಳುತ್ತಿತ್ತು.

ತುಂಬೆ ಹಿಂದೆ ನಿಂತಿದ್ದಳು. ಪುನುಗಪ್ಪನೇ ಅವಳ ಹತ್ತಿರ ಬಂದ. ದನಿ ತಗ್ಗಿಸಿ, "ತಂಗೀ, ಮನೇಲಿ ಮೂರು ಮಕ್ಕಳಂತೆ? ತಾಯಿಯಾದವಳು ಚಿಕ್ಕದು ತಗೊಂಡು ಮಕ್ಕಳ ಜೀವದ ಜೊತೆ ಆಟ ಆಡಬಾರದಮ್ಮ. ನಿನಗೆ ಅಂತಲೇ ದೊಡ್ಡದು ಎತ್ತಿಟ್ಟಿದ್ದೀನಿ" ಎಂದ.

ಅದು ಹಳದಿ ಬಣ್ಣದ್ದು. ಉದ್ದದಲ್ಲಿ ಮೂರು ತುಂಬೆಯಷ್ಟಿತ್ತು. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಬೇರೆ. ಬೇಸಿಗೆಗೆಂದು ಕೂಡಿಟ್ಟಿದ್ದ ಎಲಚಿಹಣ್ಣಿನ ಬುಟ್ಟಿಗಳನ್ನೆಲ್ಲ ತುಂಬೆ ಕೊಟ್ಟುಬಿಟ್ಟಳು. "ತಾಯಿಯಾದವಳು" ಎಂದ ಮೇಲೆ ಇನ್ನೇನು ಮಾಡುತ್ತಾಳೆ?

ಕೊನೆಗೆ ಬಂದವಳು ಕದಿರಜ್ಜಿ.

"ಪುನುಗಪ್ಪಾ, ಅದನ್ನ ಇಲ್ಲಿ ಕೊಡು" ಎಂದು ತುಂಬೆ ಒಯ್ದಂಥದೇ ಇನ್ನೊಂದು ಹಳದಿ ಯಂತ್ರವನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿದಳು. "ಒಂದು, ಎರಡು, ಮೂರು..."

"ಶುರುವಾಯ್ತು ನೂರರ ಪಾರಾಯಣ!" ಎಂದು ನವಿಲಪ್ಪ ಕೊರಳು ಉದ್ದ ಮಾಡಿ ನಕ್ಕ.

"ಅಜ್ಜಿ ಎಣಿಸಿ ಮುಗಿಸೋದರೊಳಗೆ ಮುತ್ತುಗ ಹೂ ಬಿಟ್ಟು, ಕಾಯಿ ಬಿಟ್ಟು, ಉದುರಿಯೂ ಹೋಗಿರತ್ತೆ" ಎಂದ ಕರಡಿಯಣ್ಣ.

ಮೂವತ್ತೆರಡಕ್ಕೆ ಅಜ್ಜಿಯ ಕೈ ನಡುಗಿತು. ನಲವತ್ತಕ್ಕೆ ಮೈಮೇಲಿನ ಮುಳ್ಳೆಲ್ಲ ನೆಟ್ಟಗಾದವು. ನಲವತ್ತನಾಲ್ಕಕ್ಕೆ ಯಂತ್ರವನ್ನು ಕೆಳಗಿಟ್ಟು ಕಣ್ಣು ತೆರೆದಳು.

"ನೂರು ಎಣಿಸೋವರೆಗೆ ಹಿಡಿಯೋಕಾಗದೇ ಇರೋದನ್ನ ಹಿಡ್ಕೊಂಡು ಮನೆ ಸುತ್ತ ಹುಲ್ಲು ಹೇಗಪ್ಪ ಕತ್ತರಿಸೋದು? ಇದು ಎಷ್ಟು ಹೊತ್ತು ಓಡತ್ತೆ?"

"ಚಾರ್ಜ್ ಇರೋವರೆಗೂ ಓಡತ್ತೆ ಅಜ್ಜಿ!"

"ಅದು ಗೊತ್ತಾಯ್ತು. ಚಾರ್ಜ್ ಎಷ್ಟು ಹೊತ್ತು ಇರತ್ತೆ?"

"ಓಡಿಸೋವರೆಗೂ ಇರತ್ತೆ."

ಅಜ್ಜಿ ಅವನ ಮುಖ ನೋಡಿದಳು. ಪುನುಗಪ್ಪ ಇನ್ನಷ್ಟು ಘಮಘಮಿಸಿದ.

"ಹೋಗಲಿ. ಕರಡಿಯ ಕೆಂಪು ಬ್ಯಾಟರಿ ಈ ಹಳದಿಗೆ ಕೂರತ್ತಾ?"

"ಅಯ್ಯೋ, ಅದು ಹೇಗೆ ಕೂರತ್ತೆ? ಕೆಂಪು ಕೆಂಪಿಗೆ, ಹಳದಿ ಹಳದಿಗೆ. ಶಿಸ್ತು ಬೇಡವಾ ಅಜ್ಜಿ?"

ಅದು ಶಿಸ್ತಿನ ಮಾತಲ್ಲ. ಪುನುಗಪ್ಪ ಬೇಕೆಂದೇ ಹಾಗೆ ಮಾಡಿದ್ದ. ಅಕ್ಕಪಕ್ಕದ ಮನೆಗಳಿಗೆ ಒಂದೇ ಬಣ್ಣದ್ದು ಮಾರುತ್ತಿರಲಿಲ್ಲ. ಒಬ್ಬರ ಬ್ಯಾಟರಿ ಇನ್ನೊಬ್ಬರಿಗೆ ಹೊಂದಿದರೆ ಅವರು ಎರವಲು ತೆಗೆದುಕೊಳ್ಳುತ್ತಾರೆ. ಹೊಂದದಿದ್ದರೆ ಅವನ ಬಳಿಗೇ ಬರುತ್ತಾರೆ. ಬರಲಿ ಎಂದೇ ಅವನು ಕಾಯುತ್ತಿದ್ದ.

ಅಜ್ಜಿ ಹೊರಟಳು. ಬಾಗಿಲು ದಾಟುವಾಗ ಏನೋ ಕಾಲಿಗೆ ತಾಕಿತು. ಬಗ್ಗಿ ನೋಡಿದಳು. ಬಾಗಿಲು ಮುಚ್ಚಿಕೊಳ್ಳದ ಹಾಗೆ ಬೂದಿ ಬಣ್ಣದ ಚಿಕ್ಕದೊಂದು ಯಂತ್ರವನ್ನು ಒತ್ತು ಕೊಟ್ಟಿದ್ದರು.

"ಇದೇನು?"

"ಅದಾ? ಅದೂ ಹುಲ್ಲು ಕತ್ತರಿಸೋದೇ. ಸದ್ದೇ ಇಲ್ಲ ಅದಕ್ಕೆ. ಹಚ್ಚಿದ್ದೀವೋ ಇಲ್ಲವೋ ಅಂತ ನಮಗೇ ಅನುಮಾನ. ಅದಕ್ಕೇ ಯಾರೂ ಮೂಸಿ ನೋಡಲಿಲ್ಲ."

ಅಜ್ಜಿ ಅದನ್ನು ಎತ್ತಿಕೊಂಡು ಕಣ್ಣು ಮುಚ್ಚಿದಳು. ಈ ಸಲ ನೂರು ಮುಗಿಯಿತು. ಕೈ ನಡುಗಲಿಲ್ಲ. ಗರಿಕೆ ಬಿಟ್ಟು ಅಂಗಡಿಯ ಹಿಂದಿನ ಒಣ ಕರಡದ ಹತ್ತಿರ ಹೋಗಿ ಗುಂಡಿ ಒತ್ತಿದಳು. ಜೇನುಹುಳ ಗುನುಗಿದಷ್ಟು ಸದ್ದು. ಹುಲ್ಲು ಮೆತ್ತಗೆ ಮಲಗಿತು. ನಿಧಾನ, ಆದರೆ ಮಲಗಿತು.

"ಇದರ ಬ್ಯಾಟರಿ ಬೇರೆ ಯಾವುದಕ್ಕೆ ಕೂರತ್ತೆ?"

"ಆ ಮೂಲೆಯಲ್ಲಿ ಎರಡು ಬೂದಿ ಸಾಮಾನು ಬಿದ್ದಿವೆ ನೋಡಿ, ಪೊದೆ ಸವರೋದು, ಕೊಂಬೆ ಕೊಯ್ಯೋದು. ಮೂರಕ್ಕೂ ಒಂದೇ ಬ್ಯಾಟರಿ" ಎಂದ ಪುನುಗಪ್ಪ. ಆಮೇಲೆ ಮೀಸೆಯೊಳಗೇ, "ಅಂಥದ್ದು ಮಾರಿದರೆ ಅಂಗಡಿ ನಡೆದ ಹಾಗೇ" ಎಂದು ಗೊಣಗಿದ.

ಅರ್ಧ ಬುಟ್ಟಿ ಎಲಚಿಹಣ್ಣು, ಒಂದು ಕುಂಬಳಕಾಯಿಗೆ ವ್ಯಾಪಾರ ಕುದುರಿತು.

"ಬ್ಯಾಟರಿ ಎರಡಿವೆ. ಎರಡನ್ನೂ ಒಯ್ದುಬಿಡಿ ಅಜ್ಜಿ. ಇಲ್ಲಿಟ್ಟರೆ ಸುಮ್ಮನೆ ಜಾಗ ತಿನ್ನತ್ತೆ" ಎಂದ ಪುನುಗಪ್ಪ. ಅಜ್ಜಿ ಹೋದ ಮೇಲೆ ಹೊಟ್ಟೆ ಹಿಡಿದು ನಕ್ಕ. ಒತ್ತಿಗೆ ಇಟ್ಟಿದ್ದನ್ನೂ ಮಾರಿಬಿಟ್ಟೆನಲ್ಲ! ಬಾಗಿಲಿಗೆ ಒಂದು ಕಲ್ಲು ಹುಡುಕಿ ತಂದು ಇಟ್ಟ.

ಮಾರನೆಯ ದಿನ ತುಂಬೆ ಮರಿಗಳನ್ನು ಮಲಗಿಸಿ, ಹಳದಿ ಯಂತ್ರದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಗುಂಡಿ ಒತ್ತಿದಳು. ಗರ್ರ್ರ್ರ್ ಎಂದಿತು. ಮೂರು ಮರಿಗಳೂ ಕಿರುಚುತ್ತಾ ಎದ್ದವು. ಯಂತ್ರ ತುಂಬೆಯನ್ನು ಎಡಕ್ಕೆ ಎಳೆಯಿತು. ಅವಳು ಬಲಕ್ಕೆ ಎಳೆದಳು. ಕೊನೆಗೆ ಯಂತ್ರ ಹೋದ ಕಡೆ ಅವಳೇ ಹೋದಳು. ಎಂಟು ನಿಮಿಷ ಹೀಗೆ ಕಳೆಯಿತು. ಆಮೇಲೆ ಯಂತ್ರ ಒಂದು ಸಲ ಕೆಮ್ಮಿ ನಿಂತುಬಿಟ್ಟಿತು. ನೋಡಿದರೆ ಕತ್ತರಿಸಿದ್ದು ಒಂದು ಮೊಲ ಮಲಗುವಷ್ಟು ಜಾಗ. ಅವಳು ಸೊಪ್ಪು ಬೆಳೆಸಿದ್ದ ಪಾತಿಯೂ ಅದರಲ್ಲಿ ಸೇರಿತ್ತು.

ಚಾರ್ಜ್ ಮಾಡಲು ಕಾಡಿನಲ್ಲಿ ಇದ್ದದ್ದು ಒಂದೇ ಜಾಗ. ಜನ ಬಿಟ್ಟುಹೋದ ಹಳೆಯ ಬಂಗಲೆ. ಅದರ ಛಾವಣಿಯ ಮೇಲೆ ಸೋಲಾರ್ ಹಲಗೆಯೊಂದು ಇನ್ನೂ ಇತ್ತು. ಜಗಲಿಯಲ್ಲಿ ಒಂದೇ ಒಂದು ಪ್ಲಗ್ಗು. ಅದರ ಪಕ್ಕ ಕಪ್ಪುಮೂತಿಯ ಕೋತಿ ಮುಸುವಣ್ಣ ಕಾಲ ಮೇಲೆ ಕಾಲು ಹಾಕಿ ಕುಳಿತಿರುತ್ತಿದ್ದ.

"ಸರದಿ, ಸರದಿ! ನೂಕಬೇಡಿ. ಕರಡಿಯಣ್ಣ, ನಿಮ್ಮದು ಐದು ಗಂಟೆ ಹಿಡಿಯತ್ತೆ. ನವಿಲಪ್ಪ, ನಿಮ್ಮದು ನಾಳೆ. ತುಂಬೆ, ನಿನ್ನದು ನಾಡಿದ್ದು."

"ನಾಡಿದ್ದಾ? ಅಣ್ಣಾ, ಮುತ್ತುಗದ ಮೊಗ್ಗು ಆಗಲೇ ಕೆಂಪಾಗಿದೆ."

"ಅದನ್ನ ಮೊಗ್ಗಿಗೇ ಹೇಳು. ನಾನೇನು ಮಾಡಲಿ? ಸೂರ್ಯ ಒಬ್ಬನೇ, ಪ್ಲಗ್ಗು ಒಂದೇ" ಎಂದ ಮುಸುವಣ್ಣ.

ತುಂಬೆ ಪುನುಗಪ್ಪನ ಅಂಗಡಿಗೆ ಓಡಿದಳು.

"ಅಣ್ಣಾ, ಇದು ಎಂಟೇ ನಿಮಿಷಕ್ಕೆ ನಿಂತುಹೋಯ್ತು. ನನಗೆ ಎತ್ತೋಕೂ ಆಗ್ತಿಲ್ಲ. ವಾಪಸ್ ತಗೊಳ್ಳಿ."

"ಮಾರಿದ ಮಾಲು ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ತಂಗಿ. ಇನ್ನೊಂದು ಬ್ಯಾಟರಿ ತಗೋ. ಆಗ ಎಂಟು ಹೋಗಿ ಹದಿನಾರು ನಿಮಿಷ ಆಗತ್ತೆ. ಲೆಕ್ಕ ನೋಡು, ಒಂದೇ ಸಲಕ್ಕೆ ದುಪ್ಪಟ್ಟು!"

"ಎಷ್ಟು?"

"ನಾಲ್ಕು ಬುಟ್ಟಿ."

"ಯಂತ್ರಕ್ಕೇ ಮೂರು ಬುಟ್ಟಿ ಕೊಟ್ಟಿದ್ದು!"

"ಯಂತ್ರ ಅಂದ್ರೆ ದೇಹ, ಬ್ಯಾಟರಿ ಅಂದ್ರೆ ಜೀವ. ಯಾವುದು ಹೆಚ್ಚು, ನೀನೇ ಹೇಳು" ಎಂದು ಪುನುಗಪ್ಪ ಮೀಸೆ ನೆಕ್ಕಿಕೊಂಡ.

ತುಂಬೆಯ ಬಳಿ ಒಂದು ಎಲಚಿಹಣ್ಣೂ ಉಳಿದಿರಲಿಲ್ಲ. ಕಿವಿ ಜೋತುಬಿಟ್ಟು ಮನೆಗೆ ಬಂದಳು. ಅವಳು ಹೋದ ಹಿಂದೆಯೇ ಪುನುಗಪ್ಪ ಆ ಹಳದಿ ಬ್ಯಾಟರಿಯನ್ನು ಹೊಳೆಯ ಕೆಳದಿಕ್ಕಿನ ಕಾಡುಹಂದಿಗೆ ಐದು ಬುಟ್ಟಿಗೆ ಮಾರಿದ. ಅಂಗಡಿಯಲ್ಲಿದ್ದ ಕೆಂಪನ್ನು ಕರಡಿಯಣ್ಣನಿಗೆ, ನೀಲಿಯನ್ನು ನವಿಲಪ್ಪನಿಗೆ ಮಾರಿದ. ಸಂಜೆಯ ಹೊತ್ತಿಗೆ ಅಂಗಡಿಯ ತುಂಬ ಯಂತ್ರಗಳಿದ್ದವು, ಬ್ಯಾಟರಿ ಒಂದೂ ಇರಲಿಲ್ಲ. ಪುನುಗಪ್ಪ ಎಲಚಿಹಣ್ಣಿನ ರಾಶಿಯ ಮೇಲೆ ಮಲಗಿ ಸುಖವಾಗಿ ನಿದ್ದೆಹೋದ. ಅವನ ಮರದ ಸುತ್ತ, ಆ ಒಂದು ಚೂರು ಗರಿಕೆ ಬಿಟ್ಟರೆ, ಕರಡದ ಹುಲ್ಲು ಎತ್ತರಕ್ಕೆ ನಿಂತು ಗಾಳಿಗೆ ಸರಸರ ಎನ್ನುತ್ತಿತ್ತು. ಅಷ್ಟೊಂದು ಯಂತ್ರ ಇಟ್ಟುಕೊಂಡವನಿಗೆ ಹುಲ್ಲಿನ ಚಿಂತೆ ಯಾಕೆ?

ತುಂಬೆ ಬಾಗಿಲಲ್ಲಿ ಕೂತು ಹಲ್ಲಿನಿಂದ ಹುಲ್ಲು ಕಡಿಯುತ್ತಿದ್ದಳು. ಕಣ್ಣಲ್ಲಿ ನೀರು. ಮರಿಗಳನ್ನು ಬಂಡೆಯ ಮೇಲೆ ಎಲ್ಲಿ ಬಚ್ಚಿಡುವುದು ಎಂದೇ ಯೋಚನೆ. ಅಷ್ಟರಲ್ಲಿ ಎಲ್ಲೋ ಜೇನುಹುಳ ಗುನುಗಿದ ಸದ್ದು ಕೇಳಿತು. ತಲೆಯೆತ್ತಿ ನೋಡಿದರೆ ಬೇಲಿಯ ಬದಿಯಲ್ಲಿ ಕದಿರಜ್ಜಿ. ಕೈಯಲ್ಲಿ ಬೂದಿ ಯಂತ್ರ.

"ಅಜ್ಜೀ! ನಿಮ್ಮ ಮನೇದು?"

"ಅರ್ಧ ಮೊದಲೇ ಕಡಿದಿದ್ದೆ, ಉಳಿದದ್ದು ನಿನ್ನೆಯೇ ಮುಗೀತು. ಅಳಬೇಡ, ಹುಲ್ಲು ಒದ್ದೆಯಾದರೆ ಕತ್ತರಿಸೋದು ಕಷ್ಟ."

ತುಂಬೆಗೆ ಅಳುವಿನ ನಡುವೆಯೂ ನಗು ಬಂತು. "ನಿಮ್ಮ ಉಪಕಾರ ಹೇಗೆ ತೀರಿಸಲಿ ಅಜ್ಜಿ?"

"ಉಪಕಾರ ಅಲ್ಲ ಕಣೇ. ನಿನ್ನ ಮನೆ ಸುತ್ತ ಹುಲ್ಲಿದ್ರೆ ಬೆಂಕಿ ನನ್ನ ಮನೆಗೂ ಬರತ್ತೆ. ನಾನು ನನ್ನ ಮನೆ ಕೆಲಸ ಮಾಡ್ತಾ ಇದ್ದೀನಿ, ಸ್ವಲ್ಪ ದೂರದಿಂದ ಶುರು ಮಾಡಿದ್ದೀನಿ ಅಷ್ಟೆ."

ಅಜ್ಜಿಯ ಯಂತ್ರ ಇಪ್ಪತ್ತು ನಿಮಿಷ ಓಡುತ್ತಿತ್ತು. ಅದು ನಿಲ್ಲುವ ಹೊತ್ತಿಗೆ ಎರಡನೆಯ ಬ್ಯಾಟರಿ ಸಿದ್ಧವಾಗಿರುತ್ತಿತ್ತು. ಖಾಲಿಯಾದದ್ದನ್ನು ತುಂಬೆ ಬಾಯಲ್ಲಿ ಕಚ್ಚಿಕೊಂಡು ಬಂಗಲೆಗೆ ಓಡುತ್ತಿದ್ದಳು. ಚಿಕ್ಕ ಬ್ಯಾಟರಿ, ಕಾಲು ಗಂಟೆಗೆ ತುಂಬುತ್ತಿತ್ತು. ದೊಡ್ಡವರು ಸರದಿಯಲ್ಲಿ ತೂಕಡಿಸುವಾಗ, ಅವರ ಬ್ಯಾಟರಿಯನ್ನು ನಡುನಡುವೆ ಬಿಚ್ಚಿ, ಮುಸುವಣ್ಣ ಅದನ್ನು ಮೆಲ್ಲಗೆ ಸಿಕ್ಕಿಸಿ ಕೊಡುತ್ತಿದ್ದ.

"ಇದೇನು ಬ್ಯಾಟರಿಯೋ ಕಡಲೆಕಾಯಿಯೋ?" ಎಂದು ಅವನು ಪ್ರತಿಸಲವೂ ಕೇಳುತ್ತಿದ್ದ. ಪ್ರತಿಸಲವೂ ಚಾರ್ಜ್‌ಗೆ ಹಾಕುತ್ತಿದ್ದ.

ಅಜ್ಜಿಯ ಕೈ ಸೋತರೆ ತುಂಬೆ ಹಿಡಿಯುತ್ತಿದ್ದಳು. ಹಗುರ ಇದ್ದುದರಿಂದ ಇಬ್ಬರಿಗೂ ಆಗುತ್ತಿತ್ತು. ಸದ್ದಿಲ್ಲದ್ದರಿಂದ ಮರಿಗಳು ಎಚ್ಚರವಾಗುತ್ತಿರಲಿಲ್ಲ. ಯಂತ್ರ ಅವುಗಳ ತಲೆಯ ಹತ್ತಿರವೇ ಗುಂಯ್ ಎನ್ನುತ್ತಿದ್ದರೂ ಒಂದರ ಮೇಲೊಂದು ಕಾಲು ಹಾಕಿ ಮಲಗಿರುತ್ತಿದ್ದವು. ಈ ವಿಷಯ ತುಂಬೆಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಹೊಳೆದಂಡೆಯ ಮುತ್ತುಗದ ಮರದ ತುದಿಯಲ್ಲಿ ಒಂದು ಹೂ. ಕೆಂಡದ ಹಾಗೆ.

"ಅಜ್ಜೀ, ಅರಳಿಬಿಡ್ತು! ಮನೆ ಹಿಂದಿನದು ಇನ್ನೂ ಹಾಗೇ ಇದೆ!"

"ಗೌಡರು ಆ ತುದಿಯಿಂದ ಬರಬೇಕು. ಅವರ ನಡಿಗೆ ಗೊತ್ತಲ್ಲ. ನೀನು ಹಿಡಿ, ನಾನು ಬ್ಯಾಟರಿ ತರ್ತೀನಿ" ಎಂದು ಅಜ್ಜಿಯೇ ಈ ಸಲ ಬಂಗಲೆಗೆ ಹೊರಟಳು. ಮುಳ್ಳುಹಂದಿ ಓಡಿದ್ದನ್ನು ಆ ಕಾಡಿನವರು ಅವತ್ತೇ ಮೊದಲು ನೋಡಿದ್ದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾಟಿ ಗೌಡರು ತುಂಬೆಯ ಮನೆಗೆ ಬಂದರು. ಗೋಡೆಗೆ ಬಾಲ ತಾಗಿಸಿ ನಿಂತರು. ಹೆಜ್ಜೆ ಹೆಜ್ಜೆಯಾಗಿ ತಿರುಗಿದರು. ಮುಂಭಾಗ ಆಯಿತು. ಎಡಭಾಗ ಆಯಿತು. ಹಿಂಭಾಗದಲ್ಲಿ ತುಂಬೆ ಕೊನೆಯ ಕಂತೆಯನ್ನು ಇನ್ನೂ ಬಾಯಲ್ಲಿ ಎಳೆಯುತ್ತಿದ್ದಳು. ಎಳೆದು ಹಿಂದೆ ಬಿದ್ದಳು. ಗೌಡರ ಮೂಗು ಅವಳ ಮೇಲಿಂದ ಹಾದುಹೋಯಿತು.

ಏನೂ ತಾಗಲಿಲ್ಲ.

ಆ ಗಲಾಟೆಗೆ ಎಚ್ಚರವಾದ ಒಂದು ಮರಿ ಮಾತ್ರ ಹೊರಗೆ ಬಂದು ಗೌಡರ ಮೂಗಿಗೆ ತನ್ನ ಮೂಗು ತಾಗಿಸಿತು.

"ಇದು ಒಣಕಡ್ಡಿ ಅಲ್ಲ. ಹಸಿ ಇದೆ" ಎಂದರು ಗೌಡರು. "ಸರಿಯಾಗಿದೆ. ಮಕ್ಕಳು ಮನೇಲೇ ಇರಲಿ."

ತುಂಬೆ ಬಿದ್ದಲ್ಲೇ ಕೂತು ಉಸಿರು ಬಿಟ್ಟಳು.

ಇನ್ನು ಉಳಿದದ್ದು ಒಂದೇ ಮನೆ. ಅತ್ತಿಮರದ ಪುನುಗಪ್ಪನದು. ಗೌಡರು ಅಲ್ಲಿಗೆ ಹೊರಡುವ ಮೊದಲು ನೀರು ಕುಡಿಯಲು ಹೊಳೆಗೆ ಇಳಿದರು.

ಹಣ್ಣು ತಿನ್ನುವುದು, ಮಲಗುವುದು ಎಂದು ಎರಡು ದಿನ ಕಳೆದ ಪುನುಗಪ್ಪ ಎಚ್ಚರವಾದದ್ದೇ ಆಗ. ಹೊರಗೆ ಬಂದು ನೋಡಿದ. ನವಿಲಪ್ಪ ನಾಲ್ಕು ದಿನದಿಂದ ಊದಿದ ಎಲೆಗಳೆಲ್ಲ ಇಳಿಜಾರಿನಲ್ಲಿ ಉರುಳಿ ಉರುಳಿ ಅತ್ತಿಮರದ ಬುಡದಲ್ಲೇ ಬಂದು ಸೇರಿದ್ದವು. ಕರಡದ ಹುಲ್ಲಿನ ಜೊತೆಗೆ ಈಗ ಮಂಡಿಯುದ್ದ ಒಣ ಎಲೆ ಬೇರೆ.

"ಹೆದರೋದೇಕೆ? ಯಂತ್ರ ಇದೆಯಲ್ಲ" ಎಂದು ದೊಡ್ಡ ಯಂತ್ರ ಎತ್ತಿ ಗುಂಡಿ ಒತ್ತಿದ. ಸದ್ದಿಲ್ಲ. ಇನ್ನೊಂದು ಎತ್ತಿದ. ಅದಕ್ಕೂ ಸದ್ದಿಲ್ಲ. ಆಗ ನೆನಪಾಯಿತು. ಬ್ಯಾಟರಿಗಳನ್ನೆಲ್ಲ ಮಾರಿ ಅದರ ಹಣ್ಣಿನ ಮೇಲೇ ಅವನು ಮಲಗಿದ್ದ.

ಕರಡಿಯಣ್ಣನ ಮನೆಗೆ ಓಡಿದ. ಕರಡಿಯಣ್ಣ ಗಂಟುಮೂಟೆ ಕಟ್ಟುತ್ತಿದ್ದ. ಬೇಲಿ ಸವರುವ ಯಂತ್ರದಲ್ಲಿ ಹುಲ್ಲು ಕತ್ತರಿಸಲು ಹೋಗಿ ಅವನು ಗೌಡರ ಮೂಗಿನ ತುಂಬ ಹುಲ್ಲು ತಾಗಿಸಿದ್ದ.

"ಕೆಂಪು ಬ್ಯಾಟರಿ ಎರಡೂ ಖಾಲಿ ಪುನುಗಪ್ಪ. ನೀನು ಹೇಳಿದ್ದು ನಿಜ. ಚಾರ್ಜ್ ಇರೋವರೆಗೂ ಓಡಿತು" ಎಂದ ಕರಡಿಯಣ್ಣ.

ನವಿಲಪ್ಪನ ಮನೆಗೆ ಓಡಿದ. ನವಿಲಪ್ಪನೂ ಗರಿ ಮಡಚಿಕೊಂಡು ಬಂಡೆಗೆ ಹೊರಟು ನಿಂತಿದ್ದ. ನೀಲಿ ಬ್ಯಾಟರಿ ತುಂಬಿಯೇ ಇತ್ತು. ಅದನ್ನು ತಂದು ಒಂದೊಂದು ಯಂತ್ರಕ್ಕೂ ಒತ್ತಿ ಒತ್ತಿ ನೋಡಿದ. ಕೆಂಪಿಗೆ ಕೂರಲಿಲ್ಲ. ಹಳದಿಗೆ ಕೂರಲಿಲ್ಲ. ಒಂದಕ್ಕೂ ಹೊಂದದ ಹಾಗೆ ಅಷ್ಟು ಜಾಣತನದಿಂದ ಆರಿಸಿ ತಂದವನು ಅವನೇ ಅಲ್ಲವೇ?

ಬಂಗಲೆಗೆ ಓಡಿದ. ಅಲ್ಲಿ ತುಂಬೆಯ ಹಳದಿ ಬ್ಯಾಟರಿ ಇನ್ನೂ ಸರದಿಯಲ್ಲೇ ಇತ್ತು.

"ಮುಸುವಣ್ಣಾ, ಅದನ್ನ ಮೊದಲು ಹಾಕು! ಬೇಗ!"

"ಹಾಕ್ತೀನಿ. ಐದು ಗಂಟೆ ಕೂತ್ಕೋ" ಎಂದ ಮುಸುವಣ್ಣ. ಆಮೇಲೆ ಆಕಾಶ ನೋಡಿ, "ಸೂರ್ಯ ಒಪ್ಪಿದರೆ" ಎಂದು ಸೇರಿಸಿದ.

ಪುನುಗಪ್ಪ ಅಂಗಡಿಗೆ ವಾಪಸ್ ಬಂದು ಮೂಲೆ ಮೂಲೆ ತಡಕಿದ. ಒಂದು ಮೂಲೆಯಲ್ಲಿ ಧೂಳು ಹಿಡಿದ ಎರಡು ಬೂದಿ ಯಂತ್ರಗಳು ಸಿಕ್ಕವು. ಪೊದೆ ಸವರುವುದು, ಕೊಂಬೆ ಕೊಯ್ಯುವುದು. ಅವುಗಳಿಗೆ ಹೊಂದುವ ಬ್ಯಾಟರಿ ಈ ಕಾಡಿನಲ್ಲಿ ಎರಡೇ ಎರಡು. ಜಾಗ ತಿನ್ನತ್ತೆ ಎಂದು ಅವನೇ ನಗುತ್ತಾ ಕೊಟ್ಟು ಕಳಿಸಿದ್ದು.

ಏದುಸಿರು ಬಿಡುತ್ತಾ ತುಂಬೆಯ ಅಂಗಳಕ್ಕೆ ಬಂದ. ಈಗ ಅವನಿಂದ ಯಾವ ಪರಿಮಳವೂ ಬರುತ್ತಿರಲಿಲ್ಲ. ಬರೀ ಬೆವರು, ಧೂಳು. ಕದಿರಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬೂದಿ ಯಂತ್ರ. ತೊಡೆಯ ಮೇಲೆ ಆಗತಾನೇ ಚಾರ್ಜ್ ಆಗಿ ಬಂದ ಬ್ಯಾಟರಿ. ತುಂಬೆ ಮರಿಗಳಿಗೆ ಹಾಲು ಕೊಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಬಂಡೆಗೆ ಹೊರಟಿದ್ದ ಕರಡಿಯಣ್ಣ, ನವಿಲಪ್ಪ ಗಂಟು ಕೆಳಗಿಟ್ಟು ನಿಂತರು.

"ಅಜ್ಜೀ" ಎಂದ ಪುನುಗಪ್ಪ. "ಕದಿರಜ್ಜೀ, ನಿಮ್ಮ ಕಾಲು ಹಿಡೀತೀನಿ. ನಾನು ಮರದ ಮೇಲಿರೋನು, ಬಂಡೆ ಮೇಲೆ ಹೇಗೆ ಇರಲಿ?"

"ಮರದ ಮೇಲಿರೋನಿಗೆ ಬಂಡೆ ಕಷ್ಟ. ಮೊಲದ ಮರಿಗಳಿಗೆ ಸುಖ ಇತ್ತಾ?" ಎಂದಳು ಅಜ್ಜಿ.

ಪುನುಗಪ್ಪ ತುಂಬೆಯ ಕಡೆ ನೋಡಿದ. ನೋಡಲಾಗದೆ ತಲೆ ತಗ್ಗಿಸಿದ.

"ತಪ್ಪಾಯ್ತು. ತುಂಬೆಯ ಮೂರು ಬುಟ್ಟಿ ಹಣ್ಣು ಈಗಲೇ ತಂದು ಕೊಡ್ತೀನಿ. ಎಲ್ಲರದ್ದೂ ಕೊಡ್ತೀನಿ. ನೀವೇ ಹೇಳಿದ್ರಂತಲ್ಲ, ಪಕ್ಕದ ಹುಲ್ಲಿಗೆ ಬೆಂಕಿ ಬಿದ್ರೆ ನಮ್ಮ ಮನೆಗೂ ಬರತ್ತೆ ಅಂತ. ನನ್ನ ಮರ ನಿಮ್ಮ ಮನೆಗೆ ಎಷ್ಟು ದೂರ ಅಜ್ಜಿ? ಆ ಬ್ಯಾಟರಿ ಒಂದೇ ಒಂದು ಸಲ, ಇಪ್ಪತ್ತೇ ನಿಮಿಷ... ಕೊಡ್ತೀರಾ?"

ಹೊಳೆಯ ಕಡೆಯಿಂದ ಗೌಡರು ನೀರು ಕೊಡವಿಕೊಂಡ ಸದ್ದು ಕೇಳಿತು. ಅವರ ಗೊರಸು ಮೆಲ್ಲಗೆ ದಂಡೆ ಹತ್ತತೊಡಗಿತು.

ಕದಿರಜ್ಜಿ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕಣ್ಣು ಮುಚ್ಚಿದಳು.

"ಒಂದು" ಎಂದಳು. "ಎರಡು. ಮೂರು..."

ನೀತಿ: ಸದ್ದು ಕೇಳಿ, ಹೊಗಳಿಕೆ ಕೇಳಿ ಸಾಧನ ಕೊಳ್ಳಬಾರದು, ನಮ್ಮ ಕೈಗೆ, ನಮ್ಮ ಕೆಲಸಕ್ಕೆ ಹೊಂದುವುದನ್ನು ಕೊಳ್ಳಬೇಕು. ಯಾರದ್ದೂ ಯಾರಿಗೂ ಹೊಂದದಂತೆ ಮಾಡಿ ಲಾಭ ಪಡೆದವನಿಗೆ ಕಷ್ಟ ಬಂದ ದಿನ ಯಾರದ್ದೂ ಹೊಂದುವುದಿಲ್ಲ.